ಒಂಟಿ ಬ್ಲೇಡಿನ ಶೇವಿಂಗ್ ಸೆಟ್: ಏಳು ವರ್ಷ ಬಳಸಿದ ಮೇಲೆ

2018ರ ದಸರಾ ರಜೆಯಲ್ಲಿ ಮೂರು ಬ್ಲೇಡಿನ ಕಾರ್ಟ್ರಿಡ್ಜ್ (ಮೊಂಡಾದರೆ ಬ್ಲೇಡಿನ ತಲೆಯನ್ನೇ ಬದಲಾಯಿಸುವ) ರೇಜರ್ ಬಿಟ್ಟು, ಅಪ್ಪನ ಕಾಲದ ಥರದ ಶೇವಿಂಗ್ ಸೆಟ್ ಕೊಂಡೆ. ಬಿಚ್ಚಿದರೆ ಮೂರೇ ಭಾಗ. ಮೇಲೊಂದು ಮುಚ್ಚಳ, ಕೆಳಗೊಂದು ತಟ್ಟೆ, ಒಂದು ಹಿಡಿ. ನಡುವೆ ಎರಡೂ ಕಡೆ ಅಂಚಿರುವ ತೆಳು ಬ್ಲೇಡ್. ವಾರಕ್ಕೆ ನಾಲ್ಕು ದಿನ ಶೇವ್ ಮಾಡುತ್ತೇನೆ. ಒಂದು ಬ್ಲೇಡ್ ಐದು ಸಲಕ್ಕೆ ಬರುತ್ತದೆ. ಅಂದರೆ ವರ್ಷಕ್ಕೆ 40 ಬ್ಲೇಡ್ ಚಿಲ್ಲರೆ.

ಇಷ್ಟು ವರ್ಷ ಬಳಸಿದ ಮೇಲೆ ಯಾರಾದರೂ ‘ಕೊಳ್ಳಬೇಕಾ?’ ಅಂತ ಕೇಳಿದರೆ ಕೊಳ್ಳಿ ಅಂತಲೇ ಹೇಳುತ್ತೇನೆ. ಆದರೆ ಜೊತೆಗೊಂದು ಗಟ್ಟಿ ಡಬ್ಬ ಇಟ್ಟುಕೊಳ್ಳುವುದಾದರೆ ಮಾತ್ರ ಕೊಳ್ಳಿ. ಯಾಕೆ ಅಂತ ಮೊದಲು ಅದನ್ನೇ ಹೇಳಿಬಿಡುತ್ತೇನೆ.

ಶುರುವಿನ ಏಳೆಂಟು ತಿಂಗಳು ಹಳೇ ಬ್ಲೇಡನ್ನು ಅದರದೇ ಕಾಗದದಲ್ಲಿ ಸುತ್ತಿ ಒಣ ಕಸಕ್ಕೆ ಹಾಕುತ್ತಿದ್ದೆ. ಪ್ಲಾಸ್ಟಿಕ್ ಕಡಿಮೆ ಮಾಡಿದೆನಲ್ಲ ಅಂತ ಖುಷಿ ಬೇರೆ. ಒಂದು ಬೆಳಗ್ಗೆ ನಮ್ಮ ಬೀದಿಗೆ ಬರುವ ಪೌರಕಾರ್ಮಿಕ ಮಹಿಳೆ ಗೇಟಿನ ಹತ್ತಿರ ನಿಂತು ಕರೆದರು. “ಸಾರ್, ಕವರೊಳಗೆ ಬ್ಲೇಡ್ ಅದೆ ಅಂತ ಒಂದು ಮಾತು ಹೇಳ್ಬಾರ್ದಾ?” ಅಂದರು. ಹೆಬ್ಬೆರಳಿನ ಬುಡದಲ್ಲಿ ಉದ್ದಕ್ಕೆ ಸೀಳಿತ್ತು. ಹಾಕಿಕೊಂಡಿದ್ದ ಕೈಗವಸನ್ನೂ ಬ್ಲೇಡ್ ದಾಟಿತ್ತು. ಆಟೋದಲ್ಲಿ ಕೂರಿಸಿಕೊಂಡು ಹೋಗಿ ಎರಡು ಹೊಲಿಗೆ, ಒಂದು ಟಿ.ಟಿ. ಇಂಜೆಕ್ಷನ್ ಹಾಕಿಸಿದೆ. “ಅಕ್ಕ, ತಪ್ಪಾಯ್ತು” ಅಂದೆ. ಅವರು ಅದನ್ನು ದೊಡ್ಡದು ಮಾಡಲಿಲ್ಲ. ಅವರ ಚಿಂತೆ ಮರುದಿನದ ಕೆಲಸದ್ದು. “ನಾಳೆ ಪೊರಕೆ ಹೆಂಗ್ ಹಿಡಿಯೋದು ಸಾರ್?” ಅಂತ ದಾರಿಯುದ್ದಕ್ಕೂ ಅದನ್ನೇ ಕೇಳುತ್ತಿದ್ದರು.

ನಮ್ಮ ಮೈಸೂರಿನಲ್ಲಿ ಕಸ ವಿಂಗಡಣೆಗೆ ಒಳ್ಳೆಯ ಹೆಸರಿದೆ. ಕುಂಬಾರಕೊಪ್ಪಲಿನಂಥ ಘಟಕಗಳನ್ನು ನೋಡಲು ಬೇರೆ ಊರುಗಳಿಂದ ಬರುತ್ತಾರೆ. ಆದರೆ ಅಲ್ಲಿ ಬಾಟಲಿ, ಕವರ್, ರಟ್ಟು, ತಗಡು ಬೇರೆ ಬೇರೆ ಮಾಡುವುದು ಮನುಷ್ಯರ ಕೈ. ನಾವು ಮನೆಯಲ್ಲಿ ಹಾಕಿದ್ದೆಲ್ಲ ಕೊನೆಗೆ ಯಾರದೋ ಬೆರಳಿಗೆ ಸಿಗುತ್ತದೆ. ಪರಿಸರಕ್ಕೆ ಒಳ್ಳೆಯದು ಅಂತ ಒಂದು ವಸ್ತು ಬದಲಾಯಿಸಿದರೆ, ಆ ಬೆರಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಅಲ್ವಾ?

ಅವತ್ತು ಸಂಜೆಯೇ ಡಬ್ಬ ಮಾಡಿದೆ. ಕಂಡೆನ್ಸ್ಡ್ ಮಿಲ್ಕ್ ಬರುವ ತಗಡಿನ ಡಬ್ಬ ಸಾಕು. ಮುಚ್ಚಳ ಪೂರ್ತಿ ತೆಗೆಯಬೇಡಿ. ಉಳಿಯಿಂದ ಒಂದು ಉದ್ದ ಸೀಳು ಮಾಡಿ, ಹಾಲು ಬಗ್ಗಿಸಿ ಪಾಯಸಕ್ಕೆ ಬಳಸಿಕೊಳ್ಳಿ. ಒಳಗೆ ಬಿಸಿನೀರು ಹಾಕಿ ಎರಡು ಮೂರು ಸಲ ಕುಲುಕಿ ತೊಳೆದು, ಬಿಸಿಲಿಗೆ ಬೋರಲು ಹಾಕಿ. ಇಲ್ಲದಿದ್ದರೆ ಇರುವೆ ಮುತ್ತುತ್ತದೆ. ಬ್ಲೇಡ್ ಸೀಳಿನಲ್ಲಿ ಇಳಿಯುತ್ತದೆ, ವಾಪಸ್ ಬರುವುದಿಲ್ಲ. ತುಂಬಿದ ಮೇಲೆ ಸೀಳನ್ನು ಸುತ್ತಿಗೆಯಿಂದ ಬಡಿದು ಮುಚ್ಚಿ ಗುಜರಿಗೆ ಕೊಡುವುದು. ಡಬ್ಬವೂ ಉಕ್ಕು, ಬ್ಲೇಡೂ ಉಕ್ಕು. ಎರಡೂ ಒಟ್ಟಿಗೇ ಕುಲುಮೆಗೆ ಹೋಗಬಹುದು. ಮುಂಚೆಯೇ ಗುಜರಿಯವರ ಹತ್ತಿರ ಕೇಳಿಕೊಂಡಿದ್ದೆ. “ಬಾಯಿ ಮುಚ್ಚಿ ಕೊಡಿ, ಮೇಲೆ ಬ್ಲೇಡ್ ಅಂತ ಬರೀರಿ. ತಗಡಿನ ಲೆಕ್ಕಕ್ಕೆ ತಗೋತೀನಿ” ಅಂದರು. ಬಿಡಿ ಬ್ಲೇಡ್ ಆದರೆ ಯಾವ ಗುಜರಿಯವರೂ ಮುಟ್ಟುವುದಿಲ್ಲ, ಮುಟ್ಟಲೂಬಾರದು.

ಈಗ ತೂಕದ ವಿಷಯ. ಅಡುಗೆಮನೆಯ ತಕ್ಕಡಿಯಲ್ಲಿ ಹತ್ತು ಬ್ಲೇಡ್ ಇಟ್ಟರೆ ಹತ್ತಿರ ಹತ್ತಿರ 6 ಗ್ರಾಂ. ಆ ಲೆಕ್ಕದಲ್ಲಿ ಏಳು ವರ್ಷದ 290 ಬ್ಲೇಡ್ ಸೇರಿದರೂ 175 ಗ್ರಾಂ ದಾಟುವುದಿಲ್ಲ. ಏಳು ವರ್ಷದ ನನ್ನ ಗಡ್ಡದ ಉಕ್ಕೆಲ್ಲ ಒಂದು ಅಂಗೈ ಮೇಲೆ ಹಿಡಿಸುತ್ತದೆ. ಬಳಸಿ ಬಿಸಾಡುವ ಪ್ಲಾಸ್ಟಿಕ್ ರೇಜರ್ ಒಂದನ್ನೇ ತೂಗಿದೆ, 8 ಗ್ರಾಂ ತೋರಿಸಿತು. ಹದಿಮೂರು ಬ್ಲೇಡಿನ ತೂಕ ಅದೊಂದರಲ್ಲೇ ಇದೆ.

ತೂಕಕ್ಕಿಂತ ನನಗೆ ಮುಖ್ಯ ಅನ್ನಿಸುವುದು ಬೇರೆ. ಕಾರ್ಟ್ರಿಡ್ಜ್ ಒಂದನ್ನು ಇಕ್ಕಳದಲ್ಲಿ ಹಿಡಿದು ಬಿಚ್ಚಿ ನೋಡಿದ್ದೇನೆ. ಕೂದಲೆಳೆಯಂಥ ಉಕ್ಕಿನ ಪಟ್ಟಿಗಳು, ಒಂದೆರಡು ಬಗೆಯ ಪ್ಲಾಸ್ಟಿಕ್, ಕೆಳಗೆ ರಬ್ಬರ್, ಮೇಲೆ ಜಾರಲಿಕ್ಕೆ ಅಂಟಿಸಿದ ಲೋಳೆ ಪಟ್ಟಿ. ಇಷ್ಟನ್ನೂ ಒಂದು ಬೆರಳಿನ ಅಗಲದಲ್ಲಿ ಬಿಗಿದಿರುತ್ತಾರೆ. ಇದನ್ನು ಬೇರೆ ಮಾಡುತ್ತಾ ಯಾರು ಕೂರುತ್ತಾರೆ? ಬೇರೆ ಮಾಡಿದ ಕೂಲಿಯೂ ಅದರಲ್ಲಿ ಹುಟ್ಟುವುದಿಲ್ಲ. ಹಾಗಾಗಿ ಅದು ಹೂಳುವ ಇಲ್ಲವೇ ಸುಡುವ ಕಸಕ್ಕೇ ಹೋಗುತ್ತದೆ. ಅಮೆರಿಕದಲ್ಲಿ 2019ರಲ್ಲಿ ಜಿಲೆಟ್ ಕಂಪನಿ ಟೆರಾಸೈಕಲ್ ಎಂಬ ಮರುಬಳಕೆ ಕಂಪನಿ ಜೊತೆ ಸೇರಿ ಹಳೇ ರೇಜರ್ ವಾಪಸ್ ಪಡೆಯುವ ಕಾರ್ಯಕ್ರಮ ಶುರು ಮಾಡಿತು. ನನ್ನ ಬೀದಿಯ ಅಂಗಡಿಯಲ್ಲಿ ಅಂಥದ್ದೊಂದು ಡಬ್ಬ ನಾನು ಕಂಡಿಲ್ಲ.

ಕಾನೂನಿನಲ್ಲೂ ಇಲ್ಲೊಂದು ಸಂದಿ ಇದೆ. 2022ರ ಜುಲೈ 1ರಿಂದ ದೇಶದಲ್ಲಿ ಒಮ್ಮೆ ಬಳಸಿ ಬಿಸಾಡುವ ಕೆಲವು ಪ್ಲಾಸ್ಟಿಕ್ ವಸ್ತುಗಳಿಗೆ ನಿಷೇಧ ಬಂತು. ಸ್ಟ್ರಾ, ಚಮಚ, ತಟ್ಟೆ, ಕಿವಿಕಡ್ಡಿ, ಬಲೂನಿನ ಕಡ್ಡಿ ಎಲ್ಲ ಆ ಪಟ್ಟಿಯಲ್ಲಿವೆ. ಬಿಸಾಡುವ ರೇಜರ್ ಇಲ್ಲ. ಅದೇ ವರ್ಷ ಪ್ಲಾಸ್ಟಿಕ್ ಪ್ಯಾಕಿಂಗ್ ಮರಳಿ ಪಡೆಯುವ ಹೊಣೆಯನ್ನು ಕಂಪನಿಗಳ ಮೇಲೆ ಹಾಕುವ ನಿಯಮವೂ ಬಂತು. ಅದೂ ಪ್ಯಾಕಿಂಗಿಗೆ ಮಾತ್ರ. ಹೊರಗಿನ ಕವರಿಗೆ ಹೊಣೆಗಾರರಿದ್ದಾರೆ, ಒಳಗಿನ ರೇಜರ್ ಮಾತ್ರ ಅನಾಥ. ಬರುವ ದಿನಗಳಲ್ಲಿ ಬದಲಾಗಬೇಕಾದ್ದು ಮೊದಲು ಇದು.

ಹಾಗಂತ ನನ್ನ ಶೇವಿಂಗ್ ಸೆಟ್ ಏನೂ ಪಾಪವಿಲ್ಲದ ವಸ್ತು ಅಲ್ಲ. ಶೇವಿಂಗಿನಲ್ಲಿ ಬಿಸಾಡುವ ಅಭ್ಯಾಸ ಇದರಿಂದಲೇ ಬೆಳೆಯಿತು. ಅದಕ್ಕೂ ಮುಂಚೆ ಕತ್ತಿ ಇತ್ತು. ತೊಗಲಿನ ಪಟ್ಟಿಗೆ ಮಸೆದು ಮಸೆದು ಅಪ್ಪನಿಂದ ಮಗನಿಗೆ ಬರುತ್ತಿದ್ದ ಕತ್ತಿ. ಕಿಂಗ್ ಕ್ಯಾಂಪ್ ಜಿಲೆಟ್ ಎಂಬ ಅಮೆರಿಕದ ವ್ಯಾಪಾರಿ, ಮಸೆಯುವುದೇ ಬೇಡದ, ಮೊಂಡಾದರೆ ಎಸೆಯುವ ತೆಳು ಬ್ಲೇಡ್ ಮಾಡಬೇಕು ಅಂತ ಹೊರಟ. ಅಷ್ಟು ತೆಳು ಉಕ್ಕಿಗೆ ಹದ ಕೊಟ್ಟು ಅಂಚು ಬರಿಸುವ ದಾರಿ ಕಂಡುಹಿಡಿದದ್ದು ವಿಲಿಯಂ ನಿಕರ್‌ಸನ್ ಎಂಬ ಎಂಜಿನಿಯರ್. 1903ರಲ್ಲಿ ಮಾರಾಟವಾದದ್ದು 51 ರೇಜರ್, 168 ಬ್ಲೇಡ್. ಮರುವರ್ಷ ಪೇಟೆಂಟ್ ಸಿಕ್ಕಿತು. ಆಮೇಲೆ ಅದು ಲೋಕವನ್ನೇ ಸುತ್ತಿತು. 1971ಕ್ಕೆ ಒಂದೇ ರೇಜರಿನಲ್ಲಿ ಎರಡು ಬ್ಲೇಡ್ ಬಂತು. 1975ರಲ್ಲಿ ಬಿಕ್ ಕಂಪನಿ ಇಡೀ ರೇಜರನ್ನೇ ಎಸೆಯುವ ಹಾಗೆ ಮಾಡಿತು. 1998ಕ್ಕೆ ಮೂರು, 2006ಕ್ಕೆ ಐದು ಬ್ಲೇಡ್. ನಮ್ಮ ದೇಶಕ್ಕೆ ಅಂತಲೇ 2010ರಲ್ಲಿ 15 ರೂಪಾಯಿಗೆ ಜಿಲೆಟ್ ಗಾರ್ಡ್ ಬಂದಾಗ ಅದರಲ್ಲಿ ಇದ್ದದ್ದು ಒಂದೇ ಬ್ಲೇಡ್! ಒಂದು ಬ್ಲೇಡಿನಲ್ಲಿ ಕೆಲಸ ಆಗುತ್ತದೆ ಅಂತ ಮಾಡುವವರಿಗೂ ಗೊತ್ತು.

ಅಪ್ಪ ಬ್ಲೇಡನ್ನು ಕೂಡಲೇ ಎಸೆಯುತ್ತಿರಲಿಲ್ಲ. ಮೊಂಡಾದ ಸೆವೆನ್ ಒ ಕ್ಲಾಕ್ ಬ್ಲೇಡ್ ಅಮ್ಮನ ಹೊಲಿಗೆ ಡಬ್ಬಕ್ಕೆ ಹೋಗುತ್ತಿತ್ತು, ಹೊಲಿಗೆ ಬಿಚ್ಚಲಿಕ್ಕೆ. ಅರ್ಧ ಮುರಿದದ್ದು ನಮ್ಮ ಪೆನ್ಸಿಲ್ ಹೆರೆಯಲಿಕ್ಕೆ. ಅದೂ ಮುಗಿದ ಮೇಲೆ ಬಚ್ಚಲಿನ ಹಂಚಿನ ಸಂದಿಗೆ ಸಿಕ್ಕಿಸುತ್ತಿದ್ದರು. ಅಮೆರಿಕದ ಹಳೇ ಮನೆಗಳಲ್ಲಿ ಬಚ್ಚಲಿನ ಗೋಡೆ ಬೀರುವಿನ ಹಿಂದೆ ಒಂದು ಸೀಳು ಇರುತ್ತಿತ್ತಂತೆ, ಬ್ಲೇಡ್ ಸೀದಾ ಗೋಡೆಯೊಳಗೆ ಬೀಳುತ್ತಿತ್ತು. ಈಗ ಮನೆ ಒಡೆಯುವವರಿಗೆ ಅವು ರಾಶಿಯಾಗಿ ಸಿಗುತ್ತವೆ. ಎಲ್ಲ ಕಡೆ ಜನ ಮಾಡಿದ್ದು ಅದನ್ನೇ, ಕಣ್ಣಿಗೆ ಕಾಣದ ಹಾಗೆ ಇಟ್ಟದ್ದು.

ಇನ್ನು ಬಳಸುವ ಅನುಭವ. ಮೊದಲ ಮೂರು ವಾರ ಕಷ್ಟ. ಕಾರ್ಟ್ರಿಡ್ಜ್ ಒತ್ತಿ ಎಳೆಯುವ ಕೈ ಇದರಲ್ಲಿ ಒತ್ತಬಾರದು. ರೇಜರಿನ ಭಾರವೇ ಕೆಲಸ ಮಾಡಬೇಕು. ಗಲ್ಲದ ಮೂಲೆಯಲ್ಲಿ, ಮೂಗಿನ ಕೆಳಗೆ ಕೊಯ್ದುಕೊಂಡಿದ್ದೇನೆ. ಮನೆಯಲ್ಲೊಂದು ಪಟಿಕದ ತುಂಡು ಇಟ್ಟುಕೊಳ್ಳಿ, ಒದ್ದೆ ಮಾಡಿ ಉಜ್ಜಿದರೆ ರಕ್ತ ನಿಲ್ಲುತ್ತದೆ. ಉಲ್ಟಾ ಶೇವ್ ಮಾಡುವುದನ್ನು ಬಿಟ್ಟ ಮೇಲೆ ನನ್ನ ಕತ್ತಿನ ಗುಳ್ಳೆಗಳು ಹೋದವು. ಕೂದಲು ಬೆಳೆಯುವ ದಿಕ್ಕಿಗೆ ಒಂದು ಸಲ, ಅಡ್ಡಕ್ಕೆ ಒಂದು ಸಲ, ಅಷ್ಟೇ.

ಬ್ಲೇಡ್ ಯಾಕೆ ಮೊಂಡಾಗುತ್ತದೆ ಅನ್ನುವುದು ಬಹಳ ದಿನ ನನ್ನನ್ನು ಕಾಡಿದ ಪ್ರಶ್ನೆ. ಕೂದಲಿಗಿಂತ ಉಕ್ಕು ಸುಮಾರು 50 ಪಟ್ಟು ಗಟ್ಟಿ. ಅಷ್ಟು ಮೆತ್ತನೆಯದನ್ನು ಕತ್ತರಿಸಿ ಅಷ್ಟು ಗಟ್ಟಿಯದು ಹೇಗೆ ಸವೆಯುತ್ತದೆ? ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು 2020ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇದಕ್ಕೆ ಉತ್ತರ ಕೊಟ್ಟರು. ಶೇವ್ ಮಾಡಿದ ಬ್ಲೇಡನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಅಂಚು ಸವೆದು ಗುಂಡಗಾಗುವ ಬದಲು ಅಲ್ಲಲ್ಲಿ ಚಕ್ಕೆ ಎದ್ದಿತ್ತು. ಉಕ್ಕಿನ ಒಳಗಿನ ಕಣಗಳ ಜೋಡಣೆ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಕೂದಲು ಬಾಗಿ ಓರೆಯಾಗಿ ತಾಗಿದಾಗ ಬಿಗಿ ಇಲ್ಲದ ಜಾಗದಲ್ಲಿ ಸಣ್ಣ ಚೂರು ಹಾರುತ್ತದೆ. ಹೆಚ್ಚು ಸಮವಾದ ಉಕ್ಕು ಮಾಡಿದರೆ ಬ್ಲೇಡ್ ಜಾಸ್ತಿ ದಿನ ಬರಬೇಕು ಅನ್ನುವುದು ಅವರ ಆಸೆ. ಶೇವಿಂಗಿನ ಮುಂದಿನ ದಾರಿ ಅಂದರೆ ನನಗೆ ಇದು. ಆರನೇ ಬ್ಲೇಡ್ ಬೇಡ, ಒಂದೇ ಬ್ಲೇಡ್ ಐದರ ಬದಲು ಇಪ್ಪತ್ತು ಸಲಕ್ಕೆ ಬರಲಿ.

ಕೊಳ್ಳುವಾಗ ಲೋಹ ನೋಡಿ. ನನ್ನ ಮೊದಲ ಸೆಟ್ ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಕ್ಕಿದ್ದು, ಸತುವಿನ ಎರಕಕ್ಕೆ ಕ್ರೋಮ್ ಲೇಪನ. ಹದಿನಾಲ್ಕು ತಿಂಗಳಿಗೆ ಕೈಯಿಂದ ಜಾರಿ ಬಿತ್ತು, ತಿರುಪಿನ ಬುಡ ಮುರಿಯಿತು. ಬೆಸುಗೆ ಆಗುವುದಿಲ್ಲ ಅಂದರು. ಕಸ ಕಡಿಮೆ ಮಾಡಲು ಕೊಂಡದ್ದೇ ಕಸವಾಯಿತು, ತುಂಬಾ ಬೇಜಾರಾಯಿತು. ಆಮೇಲೆ ಕೊಂಡದ್ದು ಹಿತ್ತಾಳೆಯದು. ಎರಡು ಪಟ್ಟು ಬೆಲೆ. ಅದೂ ಎರಡು ಸಲ ಬಿದ್ದಿದೆ, ತಟ್ಟೆಯ ಮೂಲೆ ಚೂರು ತಗ್ಗಿದೆ ಬಿಟ್ಟರೆ ಏನೂ ಆಗಿಲ್ಲ. ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಟೀಲ್, ಇವೆರಡು ಬಿಟ್ಟು ಬೇರೆ ಬೇಡ. ಬ್ಲೇಡ್ ಕೊಳ್ಳುವಾಗ ರಟ್ಟಿನ ಪ್ಯಾಕೆಟ್ಟಿನದು ಕೇಳಿ. ಖರ್ಚು ಹೇಳಲೇಬೇಕಾಗಿಲ್ಲ. ಕಾರ್ಟ್ರಿಡ್ಜ್ ಒಂದಕ್ಕೆ ನೂರು ರೂಪಾಯಿ ಮೇಲೆ ಕೊಡುತ್ತಿದ್ದೆ, ಈಗ ಅದೇ ದುಡ್ಡಿಗೆ ಆರು ತಿಂಗಳ ಬ್ಲೇಡ್ ಬರುತ್ತದೆ.

ಎಲ್ಲರಿಗೂ ಇದು ಹೊಂದುವುದಿಲ್ಲ. ನಮ್ಮ ಮಾವನವರಿಗೆ 78 ವರ್ಷ, ಕೈ ನಡುಗುತ್ತದೆ. ಅವರಿಗೆ ಕಾರ್ಟ್ರಿಡ್ಜೇ ಸರಿ, ಅದರಲ್ಲಿ ಎರಡು ಮಾತಿಲ್ಲ. ವಿಮಾನದಲ್ಲಿ ಕೈಚೀಲದಲ್ಲಿ ಬ್ಲೇಡ್ ಬಿಡುವುದಿಲ್ಲ. ಮಗ ಟ್ರಿಮ್ಮರ್ ಬಳಸುತ್ತಾನೆ. ಗಡ್ಡ ಬಿಡುವ ಹುಡುಗರಿಗೆ ಅದು ಸಾಕು. ಆದರೆ ಅವನ ಹಿಂದಿನ ಟ್ರಿಮ್ಮರಿನ ಬ್ಯಾಟರಿ ಎರಡೇ ವರ್ಷಕ್ಕೆ ಸತ್ತಿತು, ಬದಲಾಯಿಸಲು ಬರುವ ಹಾಗೆ ಮಾಡಿರಲಿಲ್ಲ. ಲಿಥಿಯಂ ಬ್ಯಾಟರಿ ಒಣ ಕಸದಲ್ಲಿ ಜಜ್ಜಿದರೆ ಬೆಂಕಿ ಹತ್ತಬಹುದು. ಅದನ್ನು ಇ-ಕಸದವರಿಗೇ ಕೊಡಬೇಕು.

ಇನ್ನೊಂದು ಮಾತು, ಇದು ಯಾವ ರೇಜರಿಗೂ ಅನ್ವಯ. ಬಿಸಿನೀರಿನ ನಲ್ಲಿ ಬಿಟ್ಟುಕೊಂಡು ಶೇವ್ ಮಾಡಬೇಡಿ. ನಿಮಿಷಕ್ಕೆ 6 ಲೀಟರಿನ ಹಾಗೆ ಐದು ನಿಮಿಷಕ್ಕೆ 30 ಲೀಟರ್. ಅಷ್ಟು ನೀರನ್ನು 20 ಡಿಗ್ರಿ ಬಿಸಿ ಮಾಡಲು ಗೀಸರಿಗೆ ಸುಮಾರು 0.7 ಯೂನಿಟ್ ಕರೆಂಟ್ ಬೇಕು. ಒಂದು ಚೊಂಬು ನೀರಿನಲ್ಲಿ ಆಗುವ ಕೆಲಸ ಅದು.

ನನ್ನ ಡಬ್ಬ ಇನ್ನೂ ತುಂಬಿಲ್ಲ. ಆದರೆ ಸೆಲೂನಿನ ಲೆಕ್ಕವೇ ಬೇರೆ. ಅಲ್ಲಿ ಬ್ಲೇಡನ್ನು ಕಾಗದದ ಸಮೇತ ಮಧ್ಯಕ್ಕೆ ಮುರಿದು ಒಬ್ಬೊಬ್ಬರಿಗೆ ಅರ್ಧ ಹಾಕುತ್ತಾರೆ. ಎಚ್‌ಐವಿ ಭಯ ಬಂದ ಮೇಲೆ ಕತ್ತಿ ಮಸೆಯುವುದು ನಿಂತಿತು, ಅದು ಸರಿಯೇ. ದಿನಕ್ಕೆ ಇಪ್ಪತ್ತು ಶೇವ್ ಅಂದರೆ ಹತ್ತು ಬ್ಲೇಡ್. ನಾನು ಮೂರು ತಿಂಗಳಲ್ಲಿ ಮುಗಿಸುವುದು ಅಲ್ಲಿ ಒಂದೇ ದಿನಕ್ಕೆ. ನಮ್ಮ ಬೀದಿಯ ಸೆಲೂನಿನ ಅಣ್ಣ ಅವನ್ನೆಲ್ಲ ನೀರಿನ ಬಾಟಲಿಗೆ ತುಂಬಿ ಕಸದ ಗಾಡಿಗೆ ಕೊಡುತ್ತಿದ್ದರು. ಆ ಅಕ್ಕನ ಕೈ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಬಾಟಲಿ ಜಜ್ಜಿದ್ರೆ ಒಡೆಯುತ್ತೆ ಅಲ್ವಾ, ನನಗೆ ಹೊಳೀಲೇ ಇಲ್ಲ” ಅಂದರು. ಒಂದು ಲೀಟರಿನ ಪೇಂಟ್ ಡಬ್ಬ ತೊಳೆದು, ಮುಚ್ಚಳಕ್ಕೆ ಸೀಳು ಮಾಡಿ ಕೊಟ್ಟೆ. ಕನ್ನಡಿಯ ಕೆಳಗೆ ಇಟ್ಟುಕೊಂಡಿದ್ದಾರೆ. ಮೊದಲನೆಯದು ನಾಲ್ಕು ತಿಂಗಳಿಗೆ ತುಂಬಿತು, ನಾವಿಬ್ಬರೇ ಹೋಗಿ ಗುಜರಿಗೆ ಹಾಕಿ ಬಂದೆವು. ಈಗ ಎರಡನೆಯದು ನಡೆಯುತ್ತಿದೆ. ಪಕ್ಕದ ಬೀದಿಯ ಸೆಲೂನಿನವರೂ ಒಂದು ಡಬ್ಬ ಕೇಳಿದ್ದಾರೆ.