ದೊಡ್ಡ ಕೆಲಸ: ಸಾಮಾನು ಸಮೇತ ಹಿಡಿದೂ ನೋಡಿದೆ, ಬರೀ ಲೇಬರ್‌ಗೆ ಹಿಡಿದೂ ನೋಡಿದೆ

ನಮ್ಮದು ಆರು ಜನರ ತಂಡ. ದೊಡ್ಡ ಕಟ್ಟಡದ ವೈರಿಂಗ್ ಎರಡು ಸಲ ಒಪ್ಪಿಕೊಂಡಿದ್ದೇನೆ. ಮೊದಲನೆಯದು ಸಾಮಾನು ಸಮೇತ, ಎರಡನೆಯದು ಬರೀ ಲೇಬರ್, ಅಂದರೆ ಸಾಮಾನು ಕೆಲಸ ಕೊಟ್ಟವರದು, ದುಡಿಮೆ ಮಾತ್ರ ನಮ್ಮದು. ಉಳಿದದ್ದೆಲ್ಲ ಮನೆ ಕೆಲಸವೇ.

ಸಾಮಾನು ಸಮೇತ ಹಿಡಿದಾಗ ಲೆಕ್ಕದಲ್ಲಿ ಲಾಭ ಚೆನ್ನಾಗಿಯೇ ಕಂಡಿತು, ನೂರಕ್ಕೆ 12. ಆದರೆ ತಿಂಗಳ ಕೊನೆಗೆ ಮಾಡಿದ ಕೆಲಸದ ಅಳತೆ, ಅದಾದ ಮೇಲೆ ಬಿಲ್ಲು, ಬಿಲ್ಲು ಕೊಟ್ಟ ಮೇಲೆ 45 ದಿನದ ಗಡುವು. ಒಂದನೇ ತಾರೀಖು ಎಳೆದ ವೈರಿನ ದುಡ್ಡು ಕೈಗೆ ಬರುವಾಗ 75 ದಿನ ಕಳೆದಿತ್ತು. ಅಷ್ಟರಲ್ಲಿ ಹತ್ತು ವಾರದ ಬಟವಾಡೆ ನನ್ನ ಜೇಬಿನಿಂದಲೇ. ಬಂದ ಬಿಲ್ಲಿನಲ್ಲೂ ನೂರಕ್ಕೆ 10 ರಿಟೆನ್ಷನ್, ಅಂದರೆ ಕೆಲಸಕ್ಕೆ ಜಾಮೀನು, ಅಂತ ಕೆಲಸ ಕೊಟ್ಟವರು ಹಿಡಿದಿಟ್ಟುಕೊಂಡರು. ಅಂದರೆ ಹೆಚ್ಚೂಕಮ್ಮಿ ನನ್ನ ಲಾಭವೆಲ್ಲ ಅವರ ಹತ್ತಿರವೇ ಕೂತಿತ್ತು. ನಡುವೆ ತಾಮ್ರದ ರೇಟು ಏರಿತು, ನನ್ನ ರೇಟು ಮಾತ್ರ ಒಪ್ಪಂದದಲ್ಲಿ ಇದ್ದಲ್ಲೇ ಇತ್ತು.

ಒಂದು ಸ್ಲ್ಯಾಬಿಗೆ ಕಾಂಕ್ರೀಟ್ ಹಾಕಿದ ದಿನ ಹುಡುಗರನ್ನು ಬೇರೆ ಮನೆಗೆ ಕಳಿಸಿದ್ದೆ. ವೈರಿಗೆಂದು ಸ್ಲ್ಯಾಬಿನೊಳಗೆ ಇಟ್ಟ ಪೈಪು ಕಾಯಲು ಯಾರೂ ಇರಲಿಲ್ಲ. ಬೆಂಡ್ ಒಂದು ಕಳಚಿ ಸಿಮೆಂಟ್ ಹಾಲು ಒಳಗಿಳಿದಿದೆ. ಆಮೇಲೆ ವೈರ್ ಎಳೆಯಲು ತಂತಿ ತಳ್ಳಿದರೆ ಎರಡು ಮೀಟರ್ ಹೋಗಿ ಠಕ್ ಅಂತ ನಿಂತಿತು. ಗೋಡೆ ಕೊರೆದು ಸುತ್ತುಬಳಸಿ ಪೈಪ್ ಹಾಕಲು ಮೂರು ದಿನ ಬೇಕಾಯಿತು. ತಪ್ಪು ನಮ್ಮದೇ, ಯಾರನ್ನು ಕೇಳುವುದು? ಇತ್ತ ಎರಡು ಮನೆಯವರು ಕಾದು ಕಾದು ಬೇರೆಯವರನ್ನು ಕರೆಸಿಕೊಂಡರು.

ಲೇಬರ್ ಕೆಲಸದಲ್ಲಿ ಸಿಕ್ಕಿದ್ದು ಕಡಿಮೆ, ಆದರೆ ನಿದ್ದೆ ಬರುತ್ತಿತ್ತು. ಅಲ್ಲಿಯ ತೊಂದರೆಯೇ ಬೇರೆ. ಡಿಬಿ (ಎಂಸಿಬಿ ಕೂರಿಸುವ ಡಬ್ಬಿ) ಬಂದಿಲ್ಲ, ಕೇಬಲ್ ಬಂದಿಲ್ಲ ಅಂತ ಹುಡುಗರು ಕೈಕಟ್ಟಿ ಕೂರುತ್ತಿದ್ದರು, ಕೂತ ದಿನಕ್ಕೂ ಕೂಲಿ ನಾನೇ ಕೊಡಬೇಕು. ಒಂದು ತಿಂಗಳು ಸುಟ್ಟುಕೊಂಡ ಮೇಲೆ ಎರಡು ಮಾತು ಬರೆಸಿಕೊಂಡೆ: ಸಾಮಾನಿಲ್ಲದೆ ನಿಂತ ದಿನದ ಕೂಲಿ ಅವರದು, ಬಿಲ್ಲು 15 ದಿನಕ್ಕೊಮ್ಮೆ. ಆಮೇಲೆ ಸಲೀಸಾಯಿತು.

ಮನೆ ಕೆಲಸದ ಬಗ್ಗೆ ಹೇಳುವುದೇನಿದೆ, ಮುಗಿದ ವಾರವೇ ಲೆಕ್ಕ ಚುಕ್ತಾ.

ನನ್ನ ಓಟು ಲೇಬರ್‌ಗೇ, ಅದೂ ನಾಲ್ಕು ಜನರನ್ನು ಮಾತ್ರ ಅಲ್ಲಿಗೆ ಹಾಕಿ, ಇಬ್ಬರನ್ನು ಮನೆ ಕೆಲಸಕ್ಕೆ ಉಳಿಸಿಕೊಂಡು. ಸಾಮಾನು ಸಮೇತ ಬೇಕೆಂದರೆ ಕೇಬಲ್ ಕೊಳ್ಳುವಷ್ಟಾದರೂ ಅಡ್ವಾನ್ಸ್ ಕೇಳುತ್ತೇನೆ, ತಾಮ್ರ ಏರಿದರೆ ರೇಟೂ ಏರಬೇಕು ಅಂತ ಬರೆಸುತ್ತೇನೆ. ಎರಡಕ್ಕೂ ಒಪ್ಪದಿದ್ದರೆ, ಮೂರು ತಿಂಗಳು ಒಂದು ಪೈಸೆ ಬರದೆಯೂ ಬಟವಾಡೆ ಮಾಡುವಷ್ಟು ಕೈಯಲ್ಲಿ ಇರಬೇಕು. ನನ್ನಲ್ಲಿ ಸದ್ಯಕ್ಕೆ ಐದು ವಾರದ್ದಿದೆ.