ಫಾಲ್ಟ್ ಮಾಡೆಲ್ ಚೆನ್ನಾಗಿ ಕಾಣುತ್ತೆ ಅಂತ ಡ್ರಿಲ್ಲಿಂಗ್‌ಗೆ ಇಳಿಯಬೇಡಿ

ಖನಿಜ ಹುಡುಕುವ ಕೆಲಸದಲ್ಲಿರುವವರು, ಅದರಲ್ಲೂ ಫಾಲ್ಟ್‌ಗಳ (ನೆಲದೊಳಗೆ ಬಂಡೆ ಸೀಳಿ ಸರಿದ ಬಿರುಕುಗಳ) ತ್ರೀಡಿ ಮಾಡೆಲ್ ಹೊರಗಡೆ ಕೊಟ್ಟು ಮಾಡಿಸಬೇಕು ಅಂತಿರುವವರು ಇದನ್ನು ಓದಿ. ನಮಗೆ ಅಂಥ ಮಾಡೆಲ್ ಮಾಡಿಕೊಟ್ಟ ಕನ್ಸಲ್ಟೆನ್ಸಿಯ ಹೆಸರು ಹೇಳುವುದಿಲ್ಲ. ಅವರೊಬ್ಬರೇ ಹೀಗೆ ಅಂತಲೂ ಅನ್ನಿಸುವುದಿಲ್ಲ.

ಉತ್ತರ ಕರ್ನಾಟಕದ ಒಂದು ಶಿಸ್ಟ್ ಬೆಲ್ಟ್‌ನಲ್ಲಿ (ಪದರ ಪದರವಾದ ಹಳೆಯ ಬಂಡೆಗಳ ಪಟ್ಟಿ) ನಮ್ಮ ಬ್ಲಾಕ್, ಅಂದರೆ ನಾವು ಖನಿಜ ಹುಡುಕುವ ಜಾಗ. ಕೈಯಲ್ಲಿ ಹಳೆಯ ಬೋರ್‌ಹೋಲ್ ಲಾಗ್‌ಗಳು (ಕೊರೆದಾಗ ಯಾವ ಆಳದಲ್ಲಿ ಏನು ಸಿಕ್ಕಿತು ಅನ್ನೋ ದಾಖಲೆ), ಫೀಲ್ಡ್ ಮ್ಯಾಪ್ ಎಲ್ಲ ಇತ್ತು. ಚಿನ್ನದ ರೀಫ್, ಅಂದರೆ ಚಿನ್ನವಿರುವ ಕಲ್ಲಿನ ಪಟ್ಟಿ, ಒಂದು ಕಡೆ ಇದ್ದಕ್ಕಿದ್ದಂತೆ ತುಂಡಾಗುತ್ತದೆ. ಯಾವುದೋ ಫಾಲ್ಟ್ ಅದನ್ನು ಕತ್ತರಿಸಿ ಸರಿಸಿದೆ. ಯಾವ ಕಡೆಗೆ ಸರಿಸಿದೆ, ಎಷ್ಟು ಸರಿಸಿದೆ? ನಾವು ಕೇಳಿದ್ದು ಇಷ್ಟೇ.

ಬಂದದ್ದು ಒಂದು ವಿಡಿಯೋ, ಒಂದು ಪಿಡಿಎಫ್, ತಿರುಗಿಸಿ ನೋಡೋದಕ್ಕೆ ಮಾತ್ರ ಆಗುವ ಒಂದು ಫೈಲ್. ಕೆಂಪು, ನೀಲಿ, ಹಸಿರು ಹಾಳೆಗಳ ಹಾಗೆ ಫಾಲ್ಟ್‌ಗಳು, ನಡುವೆ ಹಳದಿ ರೀಫ್. ಮೀಟಿಂಗ್‌ನಲ್ಲಿ ಎಲ್ಲರಿಗೂ ಖುಷಿ. ಮೇಲಿನವರು ಅದನ್ನೇ ನೋಡಿ ಡ್ರಿಲ್ಲಿಂಗ್‌ಗೆ ಸಹಿ ಹಾಕಿದರು. ರೀಫ್ ಸಿಗಬೇಕಿದ್ದ ಆಳದಲ್ಲಿ ಡಾಲರೈಟ್ ಅನ್ನೋ ಕರಿಕಲ್ಲು ಸಿಕ್ಕಿತು. ಮುಂದಿನ ಹೋಲ್‌ನಲ್ಲೂ ಅದೇ.

ಆಮೇಲೆ ಜಗಳ ಆಡಿ ಮೂಲ ಫೈಲ್ ತರಿಸಿಕೊಂಡು ಬಿಚ್ಚಿ ನೋಡಿದರೆ ತಲೆ ಕೆಟ್ಟುಹೋಯಿತು. ಉಪಗ್ರಹ ಚಿತ್ರದಲ್ಲಿ ಕಂಡ ಉದ್ದನೆಯ ಗೆರೆಗಳನ್ನೆಲ್ಲ ಎಳೆದು, ಅವಕ್ಕೆ ಫಾಲ್ಟ್ ಅಂತ ಹೆಸರಿಟ್ಟು, ನೇರ 90 ಡಿಗ್ರಿಗೆ ಮಾಡೆಲ್‌ನ ತಳದವರೆಗೆ ಇಳಿಸಿಬಿಟ್ಟಿದ್ದರು. ಮುಖ್ಯ ಫಾಲ್ಟ್ ಅಂತ ಕೆಂಪು ಬಣ್ಣದಲ್ಲಿ ತೋರಿಸಿದ್ದು ಒಂದು ಡೈಕ್, ಅಂದರೆ ಬಿರುಕಿಗೆ ಶಿಲಾರಸ ನುಗ್ಗಿ ಗಟ್ಟಿಯಾದ ಕಲ್ಲಿನ ಗೋಡೆ! ನಮ್ಮ ಧಾರವಾಡ ಬಂಡೆಗಳ ಸೀಮೆಯಲ್ಲಿ ಡಾಲರೈಟ್ ಡೈಕ್‌ಗಳಿಗೇನು ಬರ, ಅಲ್ವಾ? ಸಾಲಾಗಿ ಬಿದ್ದಿರುವ ಕರಿಕಲ್ಲಿನ ಗುಂಡುಗಳನ್ನು ಕುರಿ ಕಾಯುವವರೂ ತೋರಿಸುತ್ತಾರೆ. ಒಬ್ಬರೂ ಸೈಟಿಗೆ ಬಂದಿರಲಿಲ್ಲ. ಇನ್ನೊಂದು ಗೆರೆ ನೀರಾವರಿ ಕಾಲುವೆ. ನಿಜವಾಗಿಯೂ.

ಇದಕ್ಕಿಂತ ಸಿಟ್ಟು ಬಂದದ್ದು ಲಾಗ್‌ಗಳ ವಿಷಯಕ್ಕೆ. ಫಾಲ್ಟ್ ಹಾದುಹೋದ ಕಡೆ ಕಲ್ಲು ಪುಡಿಯಾಗಿ ಜೇಡಿಯಂತಾಗಿರುತ್ತದೆ, ಡ್ರಿಲ್ಲಿಂಗ್ ನೀರಿಗೆ ಅದು ಕೊಚ್ಚಿಹೋಗುತ್ತದೆ, ಹಾಗಾಗಿ ಕೋರ್ ಬಾಕ್ಸ್‌ನಲ್ಲಿ (ಕೊರೆದು ತೆಗೆದ ಕಲ್ಲಿನ ತುಂಡುಗಳನ್ನು ಜೋಡಿಸಿಡುವ ಪೆಟ್ಟಿಗೆ) ಆ ಜಾಗ ಖಾಲಿ ಇರುತ್ತದೆ ಮತ್ತು ಲಾಗ್‌ನಲ್ಲಿ 'ಕೋರ್ ಲಾಸ್' ಅಂತ ಬರೆದಿರುತ್ತಾರೆ. ನಿಜವಾದ ಫಾಲ್ಟ್‌ನ ಸುಳಿವು ಅದೇ. ಇವರು ಎಕ್ಸೆಲ್‌ಗೆ ಹಾಕುವಾಗ 'ಡೇಟಾ ಇಲ್ಲ' ಅಂತ ಆ ಸಾಲುಗಳನ್ನೇ ಅಳಿಸಿದ್ದರು! ಅಕ್ಕಪಕ್ಕದ ಹೋಲ್‌ಗಳ ಕೋರ್ ಲಾಸ್‌ಗಳನ್ನು ಜೋಡಿಸಿ ನೋಡಿದರೆ ಓರೆಯಾಗಿ ಇಳಿಯುವ ಒಂದು ಫಾಲ್ಟ್ ಕಾಣುತ್ತದೆ. ಅದು ಮಾಡೆಲ್‌ನಲ್ಲಿ ಇರಲೇ ಇಲ್ಲ.

ಇನ್ನು, ಯಾವುದು ಯಾವುದನ್ನು ಕತ್ತರಿಸಿದೆ ಅನ್ನೋ ಪ್ರಶ್ನೆ. ಬೆಲ್ಟ್ ಉದ್ದಕ್ಕೂ ಹೋಗುವ ಶಿಯರ್ ಝೋನ್ (ಬಂಡೆಗಳು ಉಜ್ಜಿ ಜರುಗಿದ ಅಗಲ ಪಟ್ಟಿ) ಹಳೆಯದು, ಅಡ್ಡ ಫಾಲ್ಟ್ ಆಮೇಲಿನದು, ಅದು ಶಿಯರ್ ಅನ್ನು ಕತ್ತರಿಸಿ ಮುಂದೆ ಹೋಗಬೇಕು. ಮಾಡೆಲ್‌ನಲ್ಲಿ ಉಲ್ಟಾ, ಶಿಯರ್ ಬಂದ ಕಡೆ ಅಡ್ಡ ಫಾಲ್ಟ್ ನಿಂತುಬಿಟ್ಟಿತ್ತು. ಮಾಡೆಲ್ ಮಾಡುವ ಸಾಫ್ಟ್‌ವೇರ್ ಲೀಪ್‌ಫ್ರಾಗ್ ಆಗಲಿ ಜೆಮ್‌ಪೈ ಆಗಲಿ, ಯಾವುದು ಮೊದಲು ಯಾವುದು ಆಮೇಲೆ ಅನ್ನೋದನ್ನು ನಾವು ಹೇಳಬೇಕು. ಸುಮ್ನೆ ಓಕೆ ಒತ್ತುತ್ತಾ ಹೋದರೂ ಮಾಡೆಲ್ ಬರುತ್ತದೆ. ಎರಡೇ ಬಿಂದು ಕೊಟ್ಟು ಒಂದು ದಿಕ್ಕು ಹೇಳಿದರೂ ನುಣುಪಾದ ಹಾಳೆ ಎಳೆದುಕೊಡುತ್ತದೆ. ನೋಡೋದಕ್ಕೆ ಇಪ್ಪತ್ತು ಬಿಂದುಗಳ ಹಾಳೆಗೂ ಇದಕ್ಕೂ ವ್ಯತ್ಯಾಸವೇ ಗೊತ್ತಾಗುವುದಿಲ್ಲ.

"ಸಾಫ್ಟ್‌ವೇರ್ ಕೊಟ್ಟ ರಿಸಲ್ಟ್ ಸರ್, ನಾವೇನು ಮಾಡೋದು" ಅಂದರು ಕನ್ಸಲ್ಟೆನ್ಸಿಯವರು. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ ಮೈಸೂರು ನಾರ್ತ್ ಫಾಲ್ಟ್ ಸುತ್ತಮುತ್ತ ಬಂಡೆಗಳು ಸಿಡಿಯುತ್ತಿದ್ದವು, ಅಲ್ಲಿ ದುಡಿದವರ ಹತ್ತಿರ ಹೀಗೆ ಹೇಳಿ ನೋಡಲಿ. ನಮ್ಮದು ದುಡ್ಡಿನ ನಷ್ಟ ಅಷ್ಟೇ, ಗಣಿಯೊಳಗೆ ಫಾಲ್ಟ್ ತಪ್ಪಾಗಿ ಗುರುತಿಸಿದರೆ ಜೀವದ ಪ್ರಶ್ನೆ.

ಹಾಗಾಗಿ ಆರ್ಡರ್ ಕೊಡುವಾಗಲೇ ಬರೆಸಿಕೊಳ್ಳಿ: ಮೂಲ ಪ್ರಾಜೆಕ್ಟ್ ಫೈಲ್ ಬೇಕು, ಅದಕ್ಕೆ ಹಾಕಿದ ಎಕ್ಸೆಲ್ ಬೇಕು, ಪ್ರತಿ ಫಾಲ್ಟ್ ಮೇಲೆ ಅಳತೆ ಮಾಡಿದ ಬಿಂದುಗಳು ಎಲ್ಲಿವೆ ಅಂತ ಕಾಣಬೇಕು. ಮಾಡೆಲ್ ಬಂದ ಮೇಲೆ ತಿರುಗಿಸಿ ನೋಡುವುದನ್ನು ಬಿಟ್ಟು ಅಡ್ಡಕ್ಕೆ ಸೀಳಿ ಸೆಕ್ಷನ್ ತೆಗೆದು, ನಿಮ್ಮ ಫೀಲ್ಡ್ ಮ್ಯಾಪ್ ಪಕ್ಕ ಇಟ್ಟು ನೋಡಿ. ಹೋಲ್‌ಗಳೆಲ್ಲ ನೇರ ಕೆಳಕ್ಕೇ ಇದ್ದರೆ ಇನ್ನೂ ಹುಷಾರು, ಕಡಿದಾಗಿ ಇಳಿಯುವ ಫಾಲ್ಟ್‌ಗಳು ಅವಕ್ಕೆ ಸಿಗುವುದೇ ಕಷ್ಟ. ಡಿಪ್ ದಿಕ್ಕಿನ (ಫಾಲ್ಟ್ ಯಾವ ಕಡೆಗೆ ಇಳಿಯುತ್ತದೆ) ಕಾಲಮ್‌ನಲ್ಲಿ ಸ್ಟ್ರೈಕ್ (ಫಾಲ್ಟ್ ಉದ್ದಕ್ಕೆ ಹೋಗುವ ದಿಕ್ಕು) ತುಂಬಿದ್ದಾರಾ ಅಂತಲೂ ನೋಡಿ. ಹಾಗಾಗಿದ್ದರೆ ಇಡೀ ಫಾಲ್ಟ್ 90 ಡಿಗ್ರಿ ತಿರುಗಿ ಕೂತಿರುತ್ತದೆ.

ಕೋಲಾರದ ಕಡೆಯವರಿಗೆ ಇನ್ನೊಂದು ಮಾತು. 78 ಡಿಗ್ರಿ ರೇಖಾಂಶ ಆ ಜಿಲ್ಲೆಯಲ್ಲೇ ಹಾದುಹೋಗುತ್ತದೆ, ಯುಟಿಎಂ (ನಕ್ಷೆಯಲ್ಲಿ ಜಾಗವನ್ನು ಮೀಟರ್‌ಗಳಲ್ಲಿ ಗುರುತಿಸುವ ಪದ್ಧತಿ) ಝೋನ್ 43 ಮುಗಿದು 44 ಶುರುವಾಗುವುದು ಅಲ್ಲಿಯೇ. ಕೆಜಿಎಫ್ 44ರಲ್ಲಿದೆ. ಅಲ್ಲಿನ ಅಂಕಿಗಳನ್ನು 43 ಅಂತ ಹಾಕಿದರೆ ನಿಮ್ಮ ಗಣಿ ಅರಬ್ಬೀ ಸಮುದ್ರದಲ್ಲಿರುತ್ತದೆ.