ಪ್ಯಾಸಿವ್ ಹೌಸ್ ಮಾದರಿಯ ಸಾಮಾಜಿಕ ವಸತಿ: ಹಲವು ವರ್ಷ ಬಾಡಿಗೆಗೆ ಇದ್ದ ಮೇಲಿನ ವಿಮರ್ಶೆ

ಶಿಥಿಲಗೊಂಡಿದ್ದ ಹಳೆಯ ಬಡಾವಣೆಯೊಂದನ್ನು ಪುನರುಜ್ಜೀವನಗೊಳಿಸುವಾಗ ಕಟ್ಟಿದ, ಪ್ಯಾಸಿವ್ ಹೌಸ್ ಮಾನದಂಡದ (ಗಾಳಿ ಸೋರದಂತೆ ಬಿಗಿಯಾಗಿ ಕಟ್ಟಿ, ತೀರ ಕಡಿಮೆ ಶಾಖದಲ್ಲೇ ಬೆಚ್ಚಗಿರುವಂತೆ ಮಾಡಿದ) ಸಾಮಾಜಿಕ ವಸತಿಯ, ಎಂದರೆ ಕಡಿಮೆ ಆದಾಯದವರಿಗೆಂದು ಕಟ್ಟಿದ, ಬಾಡಿಗೆ ಮನೆಯಲ್ಲಿ ನಾವು ಹಲವು ವರ್ಷಗಳಿಂದ ವಾಸವಾಗಿದ್ದೇವೆ. ಇಂಥ ಮನೆಗಳನ್ನು ಕುರಿತ ಹೊಗಳಿಕೆಯ ಬಹುಪಾಲು ಬೀಗದ ಕೈ ಕೊಟ್ಟ ವರ್ಷದಲ್ಲೇ ಬರೆದಿದ್ದು. ಯಂತ್ರಗಳು ಹಳತಾಗಿ, ನಿರ್ವಹಣೆಯ ಗುತ್ತಿಗೆ ಕೈ ಬದಲಿಸಿದ ಮೇಲೆ ಏನಾಗುತ್ತದೆ ಎಂಬುದು ಅದರಲ್ಲಿ ಕಾಣುವುದಿಲ್ಲ. ಕಟ್ಟಡ ತನ್ನ ಮಾತನ್ನು ಉಳಿಸಿಕೊಂಡಿದೆ, ಅದನ್ನು ನೋಡಿಕೊಳ್ಳಬೇಕಾದ ವ್ಯವಸ್ಥೆ ಉಳಿಸಿಕೊಂಡಿಲ್ಲ ಎಂಬುದು ನನ್ನ ಒಟ್ಟು ಅಭಿಪ್ರಾಯ.

1991ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ಮೊದಲು ಕಾರ್ಯರೂಪಕ್ಕೆ ಬಂದ ಈ ಪದ್ಧತಿಯಲ್ಲಿ, ಮನೆಯನ್ನು ಬೆಚ್ಚಗಿಡಲು ವರ್ಷಕ್ಕೆ ಪ್ರತಿ ಚದರ ಮೀಟರಿಗೆ 15 ಕಿಲೋವ್ಯಾಟ್-ಅವರ್‌ಗಿಂತ ಹೆಚ್ಚು ಶಾಖ ಬೇಕಾಗಬಾರದು. 50 ಪ್ಯಾಸ್ಕಲ್ ಒತ್ತಡದಲ್ಲಿ ಪರೀಕ್ಷಿಸಿದಾಗ, ಒಂದು ಗಂಟೆಯಲ್ಲಿ ಸೋರುವ ಗಾಳಿ ಮನೆಯೊಳಗಿನ ಒಟ್ಟು ಗಾಳಿಯ 0.6 ಪಟ್ಟನ್ನು ಮೀರಬಾರದು. ಈ ಅಂಕಿಗಳ ಅರ್ಥ ಬಾಡಿಗೆದಾರನಿಗೆ ತಿಳಿಯುವುದು ಕಪಾಟಿನ ಹಿಂದೆ. ಹಳೆಯ ಮನೆಯಲ್ಲಿ ಹೊರಗೋಡೆಗೆ ಏನನ್ನೂ ಒತ್ತಿ ಇಡುವಂತಿರಲಿಲ್ಲ. ಒಂದು ಚಳಿಗಾಲ ಕಳೆಯುವುದರೊಳಗೆ ಬೂಷ್ಟು ಹಿಡಿದು ಬಟ್ಟೆಗಳಿಗೆ ಮುಗ್ಗಲು ವಾಸನೆ ಬರುತ್ತಿತ್ತು. ಇಲ್ಲಿ ಅದೇ ಕಪಾಟು ಹೊರಗೋಡೆಗೆ ತಾಗಿಕೊಂಡೇ ನಿಂತಿದೆ, ಹಿಂದಿನ ಸುಣ್ಣ ಇಂದಿಗೂ ಒಣಗಿಯೇ ಇದೆ. ಮೂರು ಪದರದ ಗಾಜಿನ ಕಿಟಕಿಯ ಪಕ್ಕ ಕೂತರೂ ಬೆನ್ನಿಗೆ ಚಳಿ ತಾಗುವುದಿಲ್ಲ. ಶಾಖದ ಖರ್ಚು ನಿಜಕ್ಕೂ ಇಳಿದಿದೆ. ಆದರೆ ಬಿಲ್ಲು ಸೊನ್ನೆಯಾಗುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ: ಈಗ ಸ್ನಾನದ ಬಿಸಿನೀರಿನ ಪಾಲೇ ದೊಡ್ಡದು, ಮತ್ತು ಮೀಟರಿನ ನಿಗದಿತ ಶುಲ್ಕ ಎಷ್ಟು ಕಡಿಮೆ ಬಳಸಿದರೂ ಇಳಿಯುವುದಿಲ್ಲ.

ಗೋಡೆಗಿಂತ ಹೆಚ್ಚು ಬರೆಯಬೇಕಾದದ್ದು ವಾತಾಯನ ಯಂತ್ರದ ಬಗ್ಗೆ. ಅಡುಗೆಮನೆ ಮತ್ತು ಬಚ್ಚಲಿನ ತೇವದ ಗಾಳಿಯನ್ನು ಎಳೆದು ಹೊರಹಾಕುತ್ತ, ಅದರ ಶಾಖವನ್ನು ತೆಳುವಾದ ಫಲಕಗಳ ಮೂಲಕ ಒಳಬರುವ ತಾಜಾ ಗಾಳಿಗೆ ದಾಟಿಸುವುದು ಇದರ ಕೆಲಸ. ಎರಡೂ ಗಾಳಿ ಒಂದರೊಡನೊಂದು ಬೆರೆಯುವುದಿಲ್ಲ, ಶಾಖದ ಕನಿಷ್ಠ ಶೇ. 75 ಭಾಗ ಮರಳಿ ಸಿಗಬೇಕೆಂಬುದು ನಿಯಮ. ಫಿಲ್ಟರ್ ಹೊಸದಿರುವಾಗ ಯಂತ್ರ ಇದೆಯೆಂಬುದೇ ಗೊತ್ತಾಗುವುದಿಲ್ಲ. ಕೆಲವು ತಿಂಗಳಲ್ಲಿ ಆ ಬಿಳಿಯ ಹಾಳೆ ಬೂದಿಯ ಬಣ್ಣಕ್ಕೆ ತಿರುಗಿ, ಮಡಿಕೆಗಳ ನಡುವೆ ಹತ್ತಿಯಂಥ ಧೂಳು ಕಟ್ಟಿ, ಫ್ಯಾನ್ ಏದುಸಿರು ಬಿಡತೊಡಗುತ್ತದೆ. ನಮ್ಮ ಕಟ್ಟಡದಲ್ಲಿ ಯಂತ್ರವನ್ನು ಬಚ್ಚಲಿನ ಫಾಲ್ಸ್ ಸೀಲಿಂಗಿನ ಮೇಲಿಟ್ಟಿರುವುದರಿಂದ, ಏಣಿಯಿಲ್ಲದೆ ಅದನ್ನು ಮುಟ್ಟುವಂತಿಲ್ಲ; ವಯಸ್ಸಾದವರಂತೂ ಗುತ್ತಿಗೆದಾರನ ದಾರಿ ಕಾಯಬೇಕು, ಅವನು ಬರುವುದು ವರ್ಷಕ್ಕೊಮ್ಮೆ, ಅದೂ ಎರಡು ಮೂರು ಬಾರಿ ನೆನಪಿಸಿದ ಮೇಲೆ. ಸದ್ದಿಗೆ ಬೇಸತ್ತು ಅಥವಾ ಕರೆಂಟು ಉಳಿಸುವ ಆಸೆಯಿಂದ ಕೆಲವರು ಯಂತ್ರವನ್ನೇ ಆರಿಸಿದ್ದಾರೆ. ಅದು ತಿನ್ನುವ ಕರೆಂಟು ಹಳೆಯ 60 ವ್ಯಾಟ್ ಬಲ್ಬಿನಷ್ಟೂ ಇರಲಾರದು, ಆದರೆ ಇಷ್ಟು ಬಿಗಿಯಾದ ಮನೆಯಲ್ಲಿ ಅದು ನಿಂತರೆ ತೇವಕ್ಕೆ ಹೋಗಲು ದಾರಿಯೇ ಇಲ್ಲ: ಗಾಜಿನ ಕೆಳಅಂಚಿನಲ್ಲಿ ಹನಿ ಸಾಲುಗಟ್ಟುತ್ತದೆ, ಆಮೇಲೆ ಮೂಲೆಯಲ್ಲಿ ಕಪ್ಪು ಚುಕ್ಕೆಗಳು. ಪ್ರವೇಶದ ದಿನ ಕೈಗಿತ್ತ ದಪ್ಪ ಕಡತದಲ್ಲಿ ಇದೆಲ್ಲ ಇತ್ತಂತೆ. ಒಬ್ಬ ತಿಳಿದವರು ಮನೆಮನೆಗೆ ಬಂದು ಕಾಲು ಗಂಟೆ ತೋರಿಸಿಕೊಟ್ಟಿದ್ದರೆ ಆ ಕಡತವೇ ಬೇಕಿರಲಿಲ್ಲ.

ಬೇಸಿಗೆಯಲ್ಲಿ ಅಂಕ ಕಡಿಮೆ. ವರ್ಷದ ಶೇ. 10ಕ್ಕಿಂತ ಹೆಚ್ಚು ಗಂಟೆಗಳು ಒಳಗಿನ ತಾಪ 25 ಡಿಗ್ರಿ ಮೀರಬಾರದೆಂದು ಮಾನದಂಡ ಹೇಳಿದರೂ, ಪಶ್ಚಿಮಕ್ಕೆ ದೊಡ್ಡ ಕಿಟಕಿಯಿರುವ ಮೇಲಂತಸ್ತಿನವರು ಆ ಮಾತನ್ನು ಒಪ್ಪುವುದಿಲ್ಲ. ಒಳಗೆ ಪರದೆ ಎಳೆದರೆ ಪ್ರಯೋಜನ ಅಲ್ಪ, ಏಕೆಂದರೆ ಬಿಸಿಲು ಆಗಲೇ ಗಾಜು ದಾಟಿ ಬಂದಿರುತ್ತದೆ. ಅದನ್ನು ಹೊರಗೇ ತಡೆಯುವ ಶಟರುಗಳನ್ನು ಇಲ್ಲಿ ಖರ್ಚು ಕಡಿತದ ಹೆಸರಿನಲ್ಲಿ ಕೈಬಿಟ್ಟಿದ್ದಾರೆ. ರಾತ್ರಿ ಕಿಟಕಿ ತೆರೆದಿಡಿ ಎಂಬ ಸಲಹೆ ಒಳ್ಳೆಯದೇ, ಆದರೆ ಕಳ್ಳರ ಭಯವಿರುವ ನೆಲಮಹಡಿಯವರಿಗೆ ಅದನ್ನು ಹೇಳುವವರು ಬಹುಶಃ ಎಂದೂ ನೆಲಮಹಡಿಯಲ್ಲಿ ಮಲಗಿದವರಲ್ಲ.

ಸಮುದಾಯದ ವಿಷಯಕ್ಕೆ ಬಂದರೆ ನನ್ನ ತಕರಾರು ಇನ್ನೂ ದೊಡ್ಡದು. ಹಳೆಯ ಕಟ್ಟಡಗಳನ್ನು ಕೆಡವುವಾಗ ಬೇರೆಡೆಗೆ ಕಳುಹಿಸಿದ ಕುಟುಂಬಗಳಲ್ಲಿ ಅನೇಕರು ಮರಳಲಿಲ್ಲ. ಅಷ್ಟರಲ್ಲಿ ಮಕ್ಕಳ ಶಾಲೆ, ದುಡಿಮೆ ಎಲ್ಲ ಅಲ್ಲೇ ಬೇರೂರಿದ್ದವು. ಫ್ರಾನ್ಸಿನ ಬೋರ್ಡೋದ ಗ್ರಾಂಡ್ ಪಾರ್ಕ್‌ನಲ್ಲಿ ವಾಸ್ತುಶಿಲ್ಪಿಗಳಾದ ಲಕಾತೋನ್ ಮತ್ತು ವಸಾಲ್ ತಮ್ಮ ಸಹೋದ್ಯೋಗಿಗಳೊಡನೆ ಹಿಡಿದ ದಾರಿ ಬೇರೆ: 1960ರ ದಶಕದ 530 ಮನೆಗಳನ್ನು ಕೆಡವದೆ, ನಿವಾಸಿಗಳನ್ನು ಒಕ್ಕಲೆಬ್ಬಿಸದೆ, ಹೊರಮುಖಕ್ಕೆ ಗಾಜಿನ ವಿಶಾಲ ಚಳಿಗಾಲದ ಜಗಲಿಗಳನ್ನು ಜೋಡಿಸಿದರು, 2019ರಲ್ಲಿ ಆ ಕೆಲಸಕ್ಕೆ ಯುರೋಪಿನ ವಾಸ್ತುಶಿಲ್ಪಕ್ಕೆ ಕೊಡುವ ಮೀಸ್ ವಾನ್ ಡೆರ್ ರೋಹೆ ಪ್ರಶಸ್ತಿ ಬಂತು. ಅದೇ ವರ್ಷ ಇಂಗ್ಲೆಂಡಿನ ನಾರ್ವಿಚ್‌ನ ಗೋಲ್ಡ್‌ಸ್ಮಿತ್ ಸ್ಟ್ರೀಟ್ ಎಂಬ ಪ್ಯಾಸಿವ್ ಹೌಸ್ ಬಡಾವಣೆ ಬ್ರಿಟನ್ನಿನ ವಾಸ್ತುಶಿಲ್ಪದ ಸ್ಟರ್ಲಿಂಗ್ ಪ್ರಶಸ್ತಿ ಗೆದ್ದಿತು. ನೂರರಷ್ಟು ಮನೆಗಳ ಆ ಸಾಮಾಜಿಕ ವಸತಿಯಲ್ಲಿ ಬಾಗಿಲಿನ ಮೂಲಕ ಗಾಳಿ ಸೋರದಿರಲೆಂದು ಅಂಚೆಪೆಟ್ಟಿಗೆಯನ್ನೂ ಹೊರಜಗಲಿಗೆ ಸರಿಸಿದ್ದಾರೆ. ಅಂಥ ಸೂಕ್ಷ್ಮ ನಮ್ಮಲ್ಲಿ ಗೋಡೆಯ ಮಟ್ಟಿಗೆ ಇತ್ತು, ಜನರ ಮಟ್ಟಿಗೆ ಇರಲಿಲ್ಲ.

ಇಂಥ ಮನೆಗೆ ಅರ್ಜಿ ಹಾಕುವವರು ಬಾಡಿಗೆಯನ್ನಷ್ಟೇ ಹೋಲಿಸದೆ, ಬಾಡಿಗೆ, ನಿರ್ವಹಣಾ ಶುಲ್ಕ ಮತ್ತು ಶಕ್ತಿಯ ಬಿಲ್ಲು ಮೂರನ್ನೂ ಕೂಡಿಸಿ ನೋಡಬೇಕು. ನಮಗೆ ಹಾಗೆ ಕೂಡಿಸಿದ ಮೇಲೂ ಲಾಭವೇ ಕಂಡಿದೆ. ಬಡಾವಣೆಯ ಎರಡನೇ ಹಂತದಲ್ಲಿ ವಾತಾಯನ ಯಂತ್ರವನ್ನು ಹಜಾರದ ಕಪಾಟಿಗೆ ಇಳಿಸಿದ್ದಾರೆ, ಪಶ್ಚಿಮದ ಕಿಟಕಿಗಳಿಗೆ ಹೊರಗಿನ ಶಟರುಗಳೂ ಬಂದಿವೆ. ಆಯ್ಕೆಗೆ ಅವಕಾಶವಿದ್ದರೆ ಅಲ್ಲಿನ ಮನೆಯನ್ನೇ ಕೇಳಿ.